ಬಾಲ ಮೊದಲು, ಎಂಜಿನ್ ಕೊನೆಗೆ

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಅರೋರಾ ಎಂಬ ಸಣ್ಣ ಊರಿದೆ. ಅಲ್ಲಿರುವ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿ ವಿಮಾನ ಮಾರುತ್ತದೆ, ಆದರೆ ಬಿಡಿಬಿಡಿಯಾಗಿ, ಅದೂ ಬಾಲದ ಕಡೆಯಿಂದ. ಮೊದಲ ಪೆಟ್ಟಿಗೆಯಲ್ಲಿ ಬರುವುದು ಬಾಲದ ರೆಕ್ಕೆಗಳಿಗೆ ಬೇಕಾದ ಅಲ್ಯೂಮಿನಿಯಂ ತಗಡು, ಅದರೊಳಗಿನ ಪಕ್ಕೆಲುಬುಗಳು, ಕಾಗದದ ಪೊಟ್ಟಣಗಳಲ್ಲಿ ತೂಕ ಹಾಕಿಟ್ಟ ರಿವೆಟ್‌ಗಳು, ಒಂದು ಕಂತೆ ನಕ್ಷೆ. ಬೆಲೆ ಕೆಲವು ಸಾವಿರ ಡಾಲರ್. ಅದನ್ನು ಜೋಡಿಸಿ ಮುಗಿಸಿದವರು ರೆಕ್ಕೆಯ ಕಿಟ್‌ಗೆ ಹಣ ಕಟ್ಟುತ್ತಾರೆ. ಆಮೇಲೆ ಒಡಲು. ಆಮೇಲೆ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ, ಚಕ್ರ, ಬ್ರೇಕುಗಳಿರುವ ಫಿನಿಶಿಂಗ್ ಕಿಟ್. ಎಂಜಿನ್, ಪ್ರೊಪೆಲರ್, ಪೈಲಟ್ ಮುಂದಿನ ಪ್ಯಾನೆಲ್ ಇವ್ಯಾವುವೂ ಆ ಪೆಟ್ಟಿಗೆಗಳಲ್ಲಿ ಇರುವುದಿಲ್ಲ.

ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ಎಂಬ ಎಂಜಿನಿಯರ್ 1973ರಲ್ಲಿ ಕಟ್ಟಿದ ಕಂಪನಿ ಇದು. ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಆರ್‌ವಿ ಸರಣಿಯ ವಿಮಾನಗಳಲ್ಲಿ 11 ಸಾವಿರಕ್ಕೂ ಹೆಚ್ಚು ಈಗಾಗಲೇ ಆಕಾಶ ಕಂಡಿವೆ. ಕಾರ್ಖಾನೆಯಲ್ಲಿ ಅಲ್ಲ, ಜನರ ಗ್ಯಾರೇಜುಗಳಲ್ಲಿ ತಯಾರಾಗಿ. ಬಾಲದಿಂದ ಶುರು ಮಾಡಿಸುವುದರಲ್ಲಿ ಒಂದು ಜಾಣತನವಿದೆ. ಕೈಗೆ ಕೆಲಸ ಹತ್ತುತ್ತದೋ ಇಲ್ಲವೋ ಎಂಬುದು ಕಡಿಮೆ ದುಡ್ಡಿನಲ್ಲೇ ಗೊತ್ತಾಗಿಬಿಡುತ್ತದೆ. ಇದರಲ್ಲೇ ಒಂದು ಮೋಸವೂ ಅಡಗಿದೆ. ಮನೆ ಕಟ್ಟುವವರಿಗೆ ಪಾಯ ತೋಡುವಾಗಲೇ ಖರ್ಚಿನ ಬಿಸಿ ತಟ್ಟುತ್ತದೆ. ವಿಮಾನ ಕಟ್ಟುವವರಿಗೆ ಎಲ್ಲಕ್ಕಿಂತ ಅಗ್ಗದ ಭಾಗ ಮೊದಲು ಬರುತ್ತದೆ, ಎಲ್ಲಕ್ಕಿಂತ ದುಬಾರಿಯಾದದ್ದು ಕೊನೆಗೆ ಬರುತ್ತದೆ. ಹಿಂದೆ ಸರಿಯಲು ಮನಸ್ಸಾಗಲಿ ಮುಖವಾಗಲಿ ಉಳಿಯದ ಹೊತ್ತಿನಲ್ಲಿ.

ಹಾಗಾಗಿ ಈ ಹವ್ಯಾಸದಲ್ಲಿ ಬಜೆಟ್ ಎಂದರೆ ಬರೀ ಬೆಲೆಪಟ್ಟಿಯಲ್ಲ. ಯಾವ ಹಣ ಯಾವಾಗ ಕೈಬಿಡಬೇಕು ಎಂಬ ದಿನಗಣನೆ.

ಜನ ಈ ಉಸಾಬರಿಗೆ ಕೈಹಾಕಿದ್ದಾದರೂ ಯಾಕೆ? ಅಮೆರಿಕದಲ್ಲಿ ಪಾಲ್ ಪೊಬೆರೆಜ್ನಿ 1953ರಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಶುರು ಮಾಡಿದಾಗ ಅದು ಕೈಕಸುಬಿನ ಹುಚ್ಚಿದ್ದ ಕೆಲವರ ಕೂಟ. ಇಂದು ಪ್ರತಿ ಬೇಸಿಗೆಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್‌ನಲ್ಲಿ ಅದು ನಡೆಸುವ ಮೇಳ ವಿಮಾನಪ್ರಿಯರ ದೊಡ್ಡ ಜಾತ್ರೆ. ಬೆಳವಣಿಗೆಗೆ ಹುಚ್ಚಿನ ಜತೆಗೆ ಲೆಕ್ಕವೂ ಕಾರಣ. ಕಾರ್ಖಾನೆಯ ವಿಮಾನಗಳ ಮೇಲೆ ಬೀಳುತ್ತಿದ್ದ ಪರಿಹಾರದ ಮೊಕದ್ದಮೆಗಳಿಗೆ ಬೇಸತ್ತ ಸೆಸ್ನಾ ಕಂಪನಿ 1986ರಲ್ಲಿ ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತು. ತಯಾರಕರ ಹೊಣೆಗೆ ಹದಿನೆಂಟು ವರ್ಷದ ಮಿತಿ ಹಾಕುವ ಕಾನೂನು 1994ರಲ್ಲಿ ಬಂದ ಮೇಲಷ್ಟೇ ಮತ್ತೆ ಆರಂಭಿಸಿತು. ಆ ಖಾಲಿ ಜಾಗದಲ್ಲಿ ಕಿಟ್ ವಿಮಾನಗಳು ಬೆಳೆದವು. ಈಗ ನಾಲ್ಕು ಸೀಟಿನ ಹೊಸ ಸೆಸ್ನಾ 172ರ ಬೆಲೆ 4 ಲಕ್ಷ ಡಾಲರ್ ದಾಟಿದೆ. ಅದರ ಮುಂದೆ ಕಿಟ್ಟಿನ ಬೆಲೆ ನೋಡಿದವರಿಗೆ ಬಾಯಲ್ಲಿ ನೀರೂರದೆ ಇರದು.

ನಮ್ಮ ಕಡೆಯವರಿಗೂ ಇದು ತೀರಾ ದೂರದ ಸಂಗತಿಯಲ್ಲ. ಅಮೆರಿಕದ ಬರ್ಟ್ ರುಟಾನ್ ನಕ್ಷೆ ಮಾರಿ ಪ್ರಸಿದ್ಧಗೊಳಿಸಿದ ಲಾಂಗ್-ಈಝಡ್ ಎಂಬ ಮನೆಕಟ್ಟು ವಿಮಾನವನ್ನು ಆಧರಿಸಿಯೇ 1980ರ ದಶಕದಲ್ಲಿ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ವಿಜ್ಞಾನಿಗಳು ಒಂದು ಸಂಶೋಧನಾ ವಿಮಾನ ಕಟ್ಟಿ ಹಾರಿಸಿದರು. ನಾರುಗಾಜಿನಂಥ ಸಂಯುಕ್ತ ವಸ್ತುಗಳಲ್ಲಿ ಇಡೀ ವಿಮಾನ ಕಟ್ಟುವ ಪಾಠ ಅವರಿಗೆ ಅಲ್ಲಿ ಸಿಕ್ಕಿತು. ಅವರದೇ ತರಬೇತಿ ವಿಮಾನ ಹಂಸ ಬಂದದ್ದು ಆಮೇಲೆ. ಬೆಂಗಳೂರಿನದೇ ರಾಜ್ ಹಂಸ ಕಂಪನಿ ತಯಾರಿಸಿದ ಎಕ್ಸ್-ಏರ್ ಎಂಬ ಹಗುರ ವಿಮಾನದ ಕಿಟ್‌ಗಳು ಬ್ರಿಟನ್‌ವರೆಗೂ ಹೋಗಿ ಅಲ್ಲಿನ ಹವ್ಯಾಸಿಗಳ ಕೈಯಲ್ಲಿ ಜೋಡಣೆಗೊಂಡಿವೆ. ಆ ಸಾಲಿನ ಒಂದು ಮಾದರಿಯ ಹೆಸರು ಹನುಮಾನ್.

ಮೂರರಲ್ಲಿ ಒಂದು ಪಾಲು

ಕಿಟ್ ಕಟ್ಟುವವರ ನಡುವೆ ಹಳೆಯ ಅಂದಾಜೊಂದು ಓಡಾಡುತ್ತದೆ. ಕಿಟ್ಟಿನ ಬೆಲೆ ಒಟ್ಟು ಖರ್ಚಿನ ಮೂರರಲ್ಲಿ ಒಂದು ಪಾಲು, ಮಿಕ್ಕ ಎರಡು ಪಾಲು ಪೆಟ್ಟಿಗೆಯ ಹೊರಗಿನದು. ಎರಡು ಸೀಟಿನ ಆರ್‌ವಿ-7 ಬಹಳ ಮಂದಿ ಕಟ್ಟಿದ ಮಾದರಿ, ಅದನ್ನೇ ಹಿಡಿದು ನೋಡೋಣ. ಕಿಟ್‌ಗಳೆಲ್ಲ ಸೇರಿ ಈಗ 35 ಸಾವಿರ ಡಾಲರ್ ಆಸುಪಾಸು. 180 ಅಶ್ವಶಕ್ತಿಯ ಹೊಸ ಲೈಕಮಿಂಗ್ ಎಂಜಿನ್ ಒಂದೇ 40 ಸಾವಿರ ಡಾಲರ್ ದಾಟುತ್ತದೆ. ಎಂದರೆ ಮೂಗಿನಲ್ಲಿ ಕೂರುವ ಎಂಜಿನ್ನಿಗೆ ಎಲ್ಲ ಕಿಟ್‌ಗಳಿಗಿಂತ ಹೆಚ್ಚು ಬೆಲೆ. ಹಾರುವಾಗಲೇ ಅಲಗಿನ ಕೋನ ಬದಲಿಸುವ ಪ್ರೊಪೆಲರ್ ಬೇಕೆಂದರೆ ಹತ್ತು ಸಾವಿರ ಡಾಲರ್‌ಗಿಂತ ಮೇಲೆ, ಕೋನ ಬದಲಾಗದ ಸಾದಾ ಪ್ರೊಪೆಲರ್ ಸಾಕೆಂದರೆ ಅದರ ಅರ್ಧದೊಳಗೆ. ಪ್ಯಾನೆಲ್‌ಗೆ 15 ಸಾವಿರವೂ ಆಗಬಹುದು, 45 ಸಾವಿರವೂ ಆಗಬಹುದು. ಬಣ್ಣ ಹೊಡೆಸಲು ಅಂಗಡಿಗೆ ಕೊಟ್ಟರೆ ಹತ್ತು ಸಾವಿರದ ಮೇಲೆ. ಸೀಟು, ಬೆಲ್ಟು, ದೀಪ, ವೈರು, ಎಂಜಿನ್ ಸುತ್ತಲಿನ ಕೊಳವೆಗಳು ಇವೆಲ್ಲ ಸೇರಿಸಿ ಕೂಡಿದರೆ ಮೊತ್ತ 1.2ರಿಂದ 1.8 ಲಕ್ಷ ಡಾಲರ್ ನಡುವೆ ಎಲ್ಲೋ ನಿಲ್ಲುತ್ತದೆ. ನಮ್ಮ ದುಡ್ಡಿನಲ್ಲಿ ಒಂದು ಕೋಟಿಯಿಂದ ಒಂದೂವರೆ ಕೋಟಿ ರೂಪಾಯಿ.

ಬ್ರಿಟನ್‌ನ ಎಸೆಕ್ಸ್‌ನಲ್ಲಿ ನೆಲೆಸಿರುವ ಕೇರಳ ಮೂಲದ ಎಂಜಿನಿಯರ್ ಒಬ್ಬರು ಕೊರೊನಾ ಲಾಕ್‌ಡೌನ್ ಕಾಲದಲ್ಲಿ ದಕ್ಷಿಣ ಆಫ್ರಿಕಾದ ಸ್ಲಿಂಗ್ ಕಂಪನಿಯ ನಾಲ್ಕು ಸೀಟಿನ ಕಿಟ್ ತರಿಸಿ ಕಟ್ಟಿದ ಸುದ್ದಿ 2022ರಲ್ಲಿ ನಮ್ಮ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಮಗಳ ಹೆಸರನ್ನು ನೋಂದಣಿ ಸಂಖ್ಯೆಯಲ್ಲಿ ಸೇರಿಸಿದ್ದ ಆ ವಿಮಾನಕ್ಕೆ ಸುಮಾರು 1.4 ಲಕ್ಷ ಪೌಂಡ್ ಖರ್ಚಾಯಿತೆಂದು ಆಗ ವರದಿಯಾಗಿತ್ತು. ಮೇಲಿನ ಲೆಕ್ಕದಿಂದ ಬಹಳ ದೂರವೇನಿಲ್ಲ.

ಈ ಮೊತ್ತದಲ್ಲಿ ಒಂದು ಸಂಬಳ ಸೇರಿಲ್ಲ ಎಂಬುದನ್ನು ಗಮನಿಸಬೇಕು, ಕಟ್ಟುವವರ ಸಂಬಳ. ಆರ್‌ವಿ-7ರ ಸಾದಾ ಕಿಟ್ ಮುಗಿಯಲು 1,500ರಿಂದ 2,000 ಗಂಟೆ ಬೇಕು. ಕೆಲಸಕ್ಕೆ ಹೋಗುವವರು ಸಂಜೆ, ಶನಿವಾರ, ಭಾನುವಾರ ಸೇರಿಸಿ ವಾರಕ್ಕೆ ಹತ್ತು ಗಂಟೆ ಕೊಟ್ಟರೆ ಮೂರರಿಂದ ನಾಲ್ಕು ವರ್ಷ. ರೆಕ್ಕೆ, ಒಡಲುಗಳನ್ನು ಬಹುಪಾಲು ಜೋಡಿಸಿಯೇ ಕಳಿಸುವ ಕ್ವಿಕ್ ಬಿಲ್ಡ್ ಕಿಟ್ ಎಂಬುದೂ ಇದೆ. ಹದಿನೈದು ಸಾವಿರ ಡಾಲರ್ ಹೆಚ್ಚು ಕೊಟ್ಟು 600 ಗಂಟೆ ಉಳಿಯಿತು ಎಂದಿಟ್ಟುಕೊಂಡರೆ ಗಂಟೆಗೆ 25 ಡಾಲರ್ ಬಿತ್ತು. ಅಮೆರಿಕದ ಮೆಕ್ಯಾನಿಕ್ ಆ ದುಡ್ಡಿಗೆ ಸ್ಪ್ಯಾನರ್ ಎತ್ತುವುದಿಲ್ಲ. ಆದ್ದರಿಂದ ಕ್ವಿಕ್ ಬಿಲ್ಡ್ ದುಬಾರಿ ಎಂದು ಮೂಗು ಮುರಿಯುವವರ ಲೆಕ್ಕ ನನಗೆ ಸರಿಕಾಣುವುದಿಲ್ಲ. ಕಟ್ಟುವ ಸುಖಕ್ಕಾಗಿಯೇ ಕಟ್ಟುವವರ ಮಾತು ಬೇರೆ.

ಕಾನೂನು ಕೂಡ ಕಟ್ಟುವ ಸುಖದ ಪರವಾಗಿಯೇ ಇದೆ. ಕಟ್ಟುವ ಕೆಲಸದ ಹೆಚ್ಚಿನ ಪಾಲನ್ನು ಹವ್ಯಾಸಿಗಳೇ, ಕಲಿಕೆಗಾಗಿ ಇಲ್ಲವೇ ಮನರಂಜನೆಗಾಗಿ ಮಾಡಿರಬೇಕು ಎನ್ನುತ್ತದೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ. ಎಲ್ಲರ ಬಾಯಲ್ಲಿ ಇದು ‘51 ಪರ್ಸೆಂಟ್ ರೂಲ್’. ಇಲ್ಲಿ ಎಣಿಸುವುದು ಗಂಟೆಯನ್ನೂ ಅಲ್ಲ, ಹಣವನ್ನೂ ಅಲ್ಲ, ಕೆಲಸಗಳ ಪಟ್ಟಿಯನ್ನು. ಎಂಜಿನ್, ಪ್ರೊಪೆಲರ್, ರೇಡಿಯೊಗಳನ್ನು ಯಾರೂ ಮನೆಯಲ್ಲಿ ಮಾಡಬೇಕಿಲ್ಲ. ಬಣ್ಣ, ಸೀಟಿನ ಹೊದಿಕೆಗಳು ಲೆಕ್ಕಕ್ಕೇ ಬರುವುದಿಲ್ಲ, ಹಾಗಾಗಿ ಅವನ್ನು ಧಾರಾಳವಾಗಿ ಹೊರಗೆ ಮಾಡಿಸಬಹುದು. ಆದರೆ ದುಡ್ಡು ಕೊಟ್ಟು ಮಾಡಿಸಿದ ಜೋಡಣೆ ಕೆಲಸ ಹವ್ಯಾಸಿಯ ಪಾಲಿಗೆ ಸೇರುವುದಿಲ್ಲ. ಗಡಿ ದಾಟಿದರೆ ವಿಮಾನಕ್ಕೆ ಈ ವರ್ಗದ ಪ್ರಮಾಣಪತ್ರವೇ ಸಿಗದು.

ಎಂಜಿನ್ ಯಾವಾಗ ಕೊಳ್ಳಬೇಕು

ಬಜೆಟ್ಟಿನ ತಿರುಳು ಇಲ್ಲಿದೆ. ಉತ್ಸಾಹಿಗಳು ಎಂಜಿನ್ನನ್ನು ಬೇಗ ಕೊಳ್ಳುತ್ತಾರೆ. ಬೆಲೆ ಏರುತ್ತಲೇ ಇದೆ, ತಯಾರಕರ ಬಳಿ ಸರದಿ ಉದ್ದ ಇದೆ, ಈಗಲೇ ತಗೊಂಡು ಮೂಲೆಯಲ್ಲಿಟ್ಟರೆ ನಿಶ್ಚಿಂತೆ ಎಂಬುದು ವಾದ. ಆದರೆ ಲೈಕಮಿಂಗ್ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಮೇಲ್ಭಾಗದಲ್ಲಿ. ಎಂಜಿನ್ ಓಡದೆ ನಿಂತರೆ ಅದರ ಮೇಲಿನ ಎಣ್ಣೆ ನಿಧಾನವಾಗಿ ಕೆಳಗಿಳಿದು ಹೋಗುತ್ತದೆ, ಉಕ್ಕು ಬರಿಮೈಯಾಗುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಚುಕ್ಕೆ ಮುಂದೆ ಲೋಹವನ್ನೇ ತಿನ್ನುತ್ತದೆ. ಸಂರಕ್ಷಕ ಎಣ್ಣೆ ತುಂಬಿ, ತೇವ ಹೀರುವ ಪ್ಲಗ್ ಹಾಕಿ ಇಡುವ ಕ್ರಮವಿದೆ, ಅದಕ್ಕೂ ಒಂದು ಅವಧಿ ಇದೆ. ಎಂಜಿನ್ ಮೂಲೆಯಲ್ಲಿ ಕೂತಿರುವಾಗ ವಾರಂಟಿಯ ಕಾಲವೂ ಕರಗುತ್ತಿರಬಹುದು. ಎರಡು ಸಾವಿರ ಗಂಟೆ ಓಡಬೇಕಾದ ಎಂಜಿನ್ ಒಂದು ಗಂಟೆಯೂ ಓಡದೆ ಮುಪ್ಪಾಗುವುದು ಹೀಗೆ.

ಪ್ಯಾನೆಲ್ಲಿನ ಕಥೆಯೂ ಬಹುಪಾಲು ಇದೇ, ಕಾರಣ ಮಾತ್ರ ಬೇರೆ. ಹವ್ಯಾಸಿ ವಿಮಾನಗಳಿಗೆ ಪ್ರಮಾಣೀಕೃತ ಉಪಕರಣಗಳೇ ಬೇಕೆಂಬ ಕಟ್ಟುಪಾಡು ಸಡಿಲ. ಅದರಿಂದಾಗಿ ಡೈನಾನ್, ಗಾರ್ಮಿನ್ ಕಂಪನಿಗಳ ಪರದೆಗಳು ಇವರಿಗೆ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತವೆ. ಈ ಹವ್ಯಾಸದಲ್ಲಿ ನಿಜವಾದ ಉಳಿತಾಯ ಎಂದರೆ ಇದೇ. ಆದರೆ ಪರದೆಗಳು ನಮ್ಮ ಮೊಬೈಲ್ ಫೋನುಗಳ ಹಾಗೆ ಬೇಗ ಹಳತಾಗುತ್ತವೆ. ಬಾಲ ಕಟ್ಟುತ್ತಿರುವಾಗ ಕೊಂಡ ಪರದೆ ವಿಮಾನ ಹಾರುವ ಹೊತ್ತಿಗೆ ಹಿಂದಿನ ತಲೆಮಾರಿನದಾಗಿರುತ್ತದೆ. ಕೆಲವೊಮ್ಮೆ ನಿಯಮವೇ ಬದಲಾಗಿರುತ್ತದೆ. ವಿಮಾನ ತನ್ನ ಸ್ಥಾನವನ್ನು ತಾನೇ ಪ್ರಸಾರ ಮಾಡುವ ಎಡಿಎಸ್-ಬಿ ಉಪಕರಣ ಅಮೆರಿಕದ ಬಹುಪಾಲು ದಟ್ಟಣೆಯ ಆಕಾಶದಲ್ಲಿ 2020ರ ಜನವರಿ 1ರಿಂದ ಕಡ್ಡಾಯವಾಯಿತು. ಅದಕ್ಕೆ ಮೊದಲೇ ಪ್ಯಾನೆಲ್ ಮುಗಿಸಿ ಬೀಗಿದವರಲ್ಲಿ ಎಷ್ಟೋ ಮಂದಿ ಮತ್ತೆ ಡಾಲರ್ ಎಣಿಸಬೇಕಾಯಿತು. ಅನುಭವಸ್ಥರ ಸಲಹೆ ಸರಳ. ಪ್ಯಾನೆಲ್ಲಿನ ತಗಡು ಖಾಲಿ ಇರಲಿ, ದುಡ್ಡು ಬ್ಯಾಂಕಿನಲ್ಲಿರಲಿ, ವೈರು ಎಳೆಯುವ ತಿಂಗಳು ಬಂದಾಗ ಕೊಳ್ಳಿ.

ಹಳೆಯ ಎಂಜಿನ್ ಹುಡುಕಿ ಅರ್ಧ ದುಡ್ಡು ಉಳಿಸುವವರೂ ಇದ್ದಾರೆ. ಬಿದ್ದ ವಿಮಾನದ್ದೋ, ಮೂಲೆ ಸೇರಿದ ವಿಮಾನದ್ದೋ ಎಂಜಿನ್ ತಂದು ಓವರ್‌ಹಾಲ್ ಮಾಡಿಸುವುದು. ಒಳಗಿನ ಕ್ರ್ಯಾಂಕ್‌ಶಾಫ್ಟ್ ಸರಿಯಿದ್ದರೆ ಲಾಟರಿ ಹೊಡೆದಂತೆ, ಬಿಚ್ಚಿದ ಮೇಲೆ ಅದು ಪರೀಕ್ಷೆಯಲ್ಲಿ ನಪಾಸಾದರೆ ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು. ಲಾಗ್ ಪುಸ್ತಕವಿಲ್ಲದ ಎಂಜಿನ್ ಎಷ್ಟೇ ಅಗ್ಗವಾದರೂ ದೂರವಿಡುವುದು ಒಳ್ಳೆಯದು.

ಪಟ್ಟಿಯಲ್ಲಿ ಬರೆಯದ ಬಾಬತ್ತುಗಳು ಇನ್ನೂ ಇವೆ. ರಿವೆಟ್ ಗನ್, ಕಂಪ್ರೆಸರ್, ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ನೂರಾರು ಕ್ಲೀಕೊ ಪಿನ್ನುಗಳು, ರಂಧ್ರದ ಅಂಚಿಗೆ ಗುಳಿ ಕೂರಿಸುವ ಅಚ್ಚುಗಳು ಸೇರಿ ಕೆಲವು ಸಾವಿರ ಡಾಲರ್. ಮುಗಿದ ಮೇಲೆ ಇವನ್ನು ಒಳ್ಳೆಯ ಬೆಲೆಗೇ ಮಾರಬಹುದು, ಶುರು ಮಾಡುವವರು ಹುಡುಕುತ್ತಲೇ ಇರುತ್ತಾರೆ. ಪೆಟ್ಟಿಗೆಗಳ ಸಾಗಣೆ ವೆಚ್ಚ ಬೇರೆ. ಹಾಳಾದ ಭಾಗಗಳದ್ದು ಇನ್ನೂ ಬೇರೆ. ಇಪ್ಪತ್ತು ಡಾಲರಿನ ಪಕ್ಕೆಲುಬಿಗೆ ಡ್ರಿಲ್ ಓರೆಯಾಗಿ ಬಿದ್ದರೆ ಹೊಸದರ ಬೆಲೆಗಿಂತ ತರಿಸುವ ಖರ್ಚೇ ಹೆಚ್ಚಾದೀತು. ನಿಜವಾಗಿ ಎದೆ ನಡುಗಿಸುವುದು ಮುಚ್ಚಳದ ಅಕ್ರಿಲಿಕ್. ಸಾವಿರ ಡಾಲರ್ ಮೀರಿದ ಆ ಗುಮ್ಮಟವನ್ನು ಅಳತೆಗೆ ಕತ್ತರಿಸಬೇಕು. ಚಳಿಯಲ್ಲಿ ಕತ್ತರಿಸಿದರೆ ಬಿರುಕು ಬಿಡುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ ಗ್ಯಾರೇಜಿಗೆ ಹೀಟರ್ ಇಟ್ಟು ಕಾಯುವವರು, ಬೇಸಿಗೆ ಬರಲಿ ಎಂದು ಇಡೀ ವಿಮಾನವನ್ನೇ ನಿಲ್ಲಿಸಿಡುವವರು ಎರಡೂ ಬಗೆಯವರಿದ್ದಾರೆ. ತಗಡಿನ ಒಳಮೈಗೆ ತುಕ್ಕುನಿರೋಧಕ ಪ್ರೈಮರ್ ಬೇಕೇ ಬೇಡವೇ ಎಂಬ ಬಗ್ಗೆ ಇವರೊಳಗೆ ತಲೆಮಾರುಗಳಿಂದ ನಡೆದಿರುವ ಜಗಳ ಇನ್ನೂ ಇತ್ಯರ್ಥವಾಗಿಲ್ಲ. ಆ ಜಗಳಕ್ಕೆ ಹೋದ ಗಂಟೆಗಳನ್ನು ಯಾರೂ ಬಜೆಟ್ಟಿನಲ್ಲಿ ಬರೆದಿಟ್ಟಂತಿಲ್ಲ.

ಒಡಲು ಗ್ಯಾರೇಜಿನಲ್ಲಿ ಹಿಡಿಸುತ್ತದೆ. ರೆಕ್ಕೆ ಜೋಡಿಸಿದ ವಿಮಾನ ಹಿಡಿಸುವುದಿಲ್ಲ. ಕೊನೆಯ ಹಂತಕ್ಕೆ ವಿಮಾನ ನಿಲ್ದಾಣದಲ್ಲಿ ಹ್ಯಾಂಗರ್ ಹಿಡಿಯಬೇಕು. ಒಂದೇ ತಿಂಗಳಿನ ಕೆಲಸವೆಂದು ಹೋದದ್ದು ಆರು ತಿಂಗಳಿಗೆ ಎಳೆಯುತ್ತದೆ. ಹಾರದ ವಿಮಾನಕ್ಕೆ ಬಾಡಿಗೆ, ಹಾರದ ವಿಮಾನಕ್ಕೆ ವಿಮೆ.

ಮುಂಗಡದ ಗಂಡಾಂತರ

ಕಿಟ್ಟಿನ ಲೋಕದಲ್ಲಿ ಹಣ ಮುಳುಗಿದ ದೊಡ್ಡ ಕಥೆ ಬಿಡಿ-5 ವಿಮಾನದ್ದು. ಜೇಮ್ಸ್ ಬಾಂಡ್ ಚಿತ್ರ ‘ಆಕ್ಟೊಪಸಿ’ (1983) ನೋಡಿದವರಿಗೆ ಆರಂಭದಲ್ಲಿ ಹ್ಯಾಂಗರ್ ಸೀಳಿಕೊಂಡು ಹೋಗುವ ಆಟಿಕೆಯಂಥ ಜೆಟ್ ನೆನಪಿರಬಹುದು. ಉದಯಪುರದಲ್ಲೂ ಚಿತ್ರೀಕರಣವಾದ ಆ ಚಿತ್ರದಲ್ಲಿ ಕಂಡದ್ದು ಬಿಡಿ-5ರ ಜೆಟ್ ರೂಪ. ಅದರ ಮೂಲ, ಪ್ರೊಪೆಲರ್ ಇರುವ ಮಾದರಿಯನ್ನು ಜಿಮ್ ಬೀಡ್ ಎಂಬುವರು 1970ರ ದಶಕದ ಆರಂಭದಲ್ಲಿ ಪ್ರಕಟಿಸಿದಾಗ ಸಾವಿರಾರು ಜನ ಮುಂಗಡ ಕಟ್ಟಿದರು. ತಗಡಿನ ಭಾಗಗಳು ಬಂದವು. ಬಹುಪಾಲು ಜನರಿಗೆ ಎಂಜಿನ್ ಬರಲಿಲ್ಲ. ಆರಿಸಿಕೊಂಡಿದ್ದ ಎಂಜಿನ್ನಿನ ತಯಾರಕರೇ ದಿವಾಳಿಯಾದರು, ಬದಲಿ ಸಿಗುವಷ್ಟರಲ್ಲಿ ಬೀಡ್ ಅವರ ಕಂಪನಿಯೂ ಮುಳುಗಿತು. ಮುಂದೆ ಹತ್ತು ವರ್ಷ ವಿಮಾನಗಳಿಗೆ ಮುಂಗಡ ಪಡೆಯುವುದಿಲ್ಲ ಎಂದು ಅವರು ಸರ್ಕಾರಕ್ಕೆ ಬರೆದುಕೊಡಬೇಕಾಯಿತು.

ಅದು ಹಳೆಯ ಕಾಲದ ಮಾತು, ದೊಡ್ಡ ಕಂಪನಿಗಳಲ್ಲಿ ಹಾಗಾಗದು ಎಂದು ನಂಬಿದ್ದವರಿಗೆ 2023ರ ಡಿಸೆಂಬರ್ ಪಾಠ ಹೇಳಿತು. ಇಡೀ ಉದ್ಯಮದಲ್ಲೇ ಗಟ್ಟಿಗ ಎನಿಸಿದ್ದ ವ್ಯಾನ್ಸ್ ಏರ್‌ಕ್ರಾಫ್ಟ್ ದಿವಾಳಿ ಕಾನೂನಿನ ರಕ್ಷಣೆ ಬೇಡಿ ನ್ಯಾಯಾಲಯದ ಮೆಟ್ಟಿಲೇರಿತು. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತ ಜನ ಮುಗಿಬಿದ್ದು ಆರ್ಡರ್ ಕೊಟ್ಟಿದ್ದರು. ಹಡಗಿನ ಬಾಡಿಗೆ ಗಗನಕ್ಕೇರಿತ್ತು. ಹೊರದೇಶದಲ್ಲಿ ಜೋಡಿಸಿದ ಕೆಲವು ಕ್ವಿಕ್ ಬಿಲ್ಡ್ ಕಿಟ್‌ಗಳಲ್ಲಿ ತುಕ್ಕು ಕಂಡಿತ್ತು. ಲೇಸರ್‌ನಿಂದ ರಂಧ್ರ ಕೊರೆದ ಭಾಗಗಳಿಗೆ ಗುಳಿ ಕೂರಿಸುವಾಗ ಬಿರುಕು ಬರುತ್ತಿದೆ ಎಂಬ ದೂರುಗಳು ಬಂದು, ಸಾವಿರಾರು ಭಾಗಗಳನ್ನು ಬದಲಿಸಿ ಕೊಡಬೇಕಾಗಿತ್ತು. ಹಳೆಯ ಬೆಲೆಗೆ ಮಾರಿದರೆ ಪ್ರತಿ ಕಿಟ್ಟಿಗೂ ನಷ್ಟ. ಕಂಪನಿ ಕಿಟ್‌ಗಳ ಬೆಲೆಯನ್ನು ಸರಾಸರಿ ಶೇ 32ರಷ್ಟು ಏರಿಸಿತು. ಹಳೆಯ ಬೆಲೆಗೆ ಮುಂಗಡ ಕಟ್ಟಿದವರೂ ಹೊಸ ಬೆಲೆ ಒಪ್ಪಿದರಷ್ಟೇ ಕಿಟ್ ಸಿಗುವ ಸ್ಥಿತಿ ಬಂತು. 2024ರಲ್ಲಿ ಕಂಪನಿ ಚೇತರಿಸಿಕೊಂಡು ಹೊರಬಂದಿತು, ಈಗಲೂ ಕಿಟ್ ಕಳಿಸುತ್ತಿದೆ. ಆದರೆ ಬಾಲ ಮುಗಿಸಿ ರೆಕ್ಕೆಗೆ ಕಾಯುತ್ತಿದ್ದವರ ಸ್ಥಿತಿ ಊಹಿಸಿ. ಬಿಟ್ಟರೆ ಬಾಲ ವ್ಯರ್ಥ, ಹಿಡಿದರೆ ಮೂರರಲ್ಲಿ ಒಂದು ಪಾಲು ಹೆಚ್ಚು ಹಣ. ಕಂತುಗಳಲ್ಲಿ ಕೊಳ್ಳುವ ಅನುಕೂಲಕ್ಕೆ ಇದು ತೆರುವ ಬೆಲೆ. ಮುಂದಿನ ಕಂತಿನ ದರ ಯಾರ ಕೈಯಲ್ಲೂ ಇಲ್ಲ. ಹತ್ತು ಪರ್ಸೆಂಟ್ ಹೆಚ್ಚುವರಿ ಇಟ್ಟುಕೊಳ್ಳಿ ಎಂಬ ಮಾಮೂಲಿ ಸಲಹೆ ಆ ವರ್ಷ ಪೂರ್ತಿ ತಲೆಕೆಳಗಾಯಿತು.

ಕೊನೆಯ ಹಂತದಲ್ಲಿ ಕೈ ಬರಿದಾಗಿರುವಾಗಲೇ ಒಂದು ಅಪಾಯಕಾರಿ ಉಳಿತಾಯದ ಆಸೆ ಹುಟ್ಟುತ್ತದೆ. ವಿಮಾನ ಮುಗಿದಿದೆ, ತರಬೇತಿಗೆ ಮತ್ತೆ ಯಾಕೆ ಖರ್ಚು ಎಂದು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಹವ್ಯಾಸಿ ವಿಮಾನಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಓದಿದವರು ಹಾಗೆನ್ನಲಾರರು. ಸಣ್ಣ ವಿಮಾನಗಳಲ್ಲಿ ಇವುಗಳ ಪಾಲು ಶೇ 10ರ ಹತ್ತಿರ, ಆದರೆ 2011ರ ಸಾವು ಸಂಭವಿಸಿದ ಅಪಘಾತಗಳಲ್ಲಿ ಶೇ 21. ಎಂಜಿನ್ ಕೈಕೊಡುವುದು, ಪೈಲಟ್ ಹಿಡಿತ ತಪ್ಪುವುದು ಮುಖ್ಯ ಕಾರಣಗಳು. ಹೊಸ ವಿಮಾನದ ಮೊದಲ ಗಂಟೆಗಳೇ ಹೆಚ್ಚು ಗಂಡಾಂತರದವು. ನಾಲ್ಕು ವರ್ಷ ರಿವೆಟ್ ಹೊಡೆಯುತ್ತಿದ್ದವರು ಆ ನಾಲ್ಕು ವರ್ಷ ಹೆಚ್ಚು ಹಾರಿರುವುದಿಲ್ಲ ಎಂಬುದೂ ಇಲ್ಲಿ ಸೇರಿಕೊಳ್ಳುತ್ತದೆ. ಅದೇ ಮಾದರಿಯ ಇನ್ನೊಂದು ವಿಮಾನದಲ್ಲಿ ಬೋಧಕರ ಜತೆ ಕೆಲವು ಗಂಟೆ ಹಾರುವ ಖರ್ಚು, ಆಮೇಲೆ ಪ್ರಯಾಣಿಕರಿಲ್ಲದೆ ಸಾಮಾನ್ಯವಾಗಿ ಮುಗಿಸಬೇಕಾದ 25 ಇಲ್ಲವೇ 40 ಗಂಟೆಗಳ ಪರೀಕ್ಷಾ ಹಾರಾಟದ ಪೆಟ್ರೋಲು, ಇವೆರಡನ್ನೂ ಬಾಲ ಕೊಳ್ಳುವ ದಿನವೇ ತೆಗೆದು ಬದಿಗಿಡಬೇಕು. ಸೀಟಿಗೆ ಚರ್ಮದ ಹೊದಿಕೆ ಆಮೇಲೆ ಹಾಕಿಸಬಹುದು.

ಭಾರತದಲ್ಲಿ ಈ ಪಟ್ಟಿಗೆ ಕಾಗದಪತ್ರಗಳಿಗೆ ಕಾಯುವ ಕಾಲವೂ ಸೇರುತ್ತದೆ. ಪೈಲಟ್ ಅಮೋಲ್ ಯಾದವ್ ಮುಂಬೈಯ ಕಾಂದಿವಲಿಯಲ್ಲಿ ಕಟ್ಟಡವೊಂದರ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದ್ದು ಕಿಟ್ಟಿನಿಂದಲ್ಲ, ಸ್ವಂತ ವಿನ್ಯಾಸದಿಂದ. 2016ರ ‘ಮೇಕ್ ಇನ್ ಇಂಡಿಯಾ’ ಸಪ್ತಾಹದಲ್ಲಿ ಅದನ್ನು ಜನ ಮುಗಿಬಿದ್ದು ನೋಡಿದರು. ನೋಂದಣಿ ಸಿಕ್ಕಿದ್ದು 2017ರ ಕೊನೆಗೆ, ಹಾರಾಟ ಪರೀಕ್ಷೆಗೆ ಅನುಮತಿ 2019ರಲ್ಲಿ. ಹಾಗೆ ಕಾಯುವ ವರ್ಷಗಳಲ್ಲಿ ವಿಮಾನಕ್ಕೆ ನೆರಳು ಬೇಕು, ಎಂಜಿನ್ನಿಗೆ ಆರೈಕೆ ಬೇಕು, ಅದು ಯಾವ ಕಿಟ್ಟಿನ ಬೆಲೆಪಟ್ಟಿಯಲ್ಲೂ ಬರುವುದಿಲ್ಲ.

ಬರೀ ಹಾರಬೇಕೆಂಬ ಆಸೆ ಇರುವವರಿಗೆ ಇದೆಲ್ಲ ಬೇಡದ ಗೋಜು. ಅಮೆರಿಕದಲ್ಲಿ 1970ರ ದಶಕದ ಹಳೆಯ ಸೆಸ್ನಾ ಕೊಂಡರೆ ಇದಕ್ಕಿಂತ ಕಡಿಮೆ ಹಣದಲ್ಲಿ ಮುಂದಿನ ವಾರವೇ ಹಾರಬಹುದು. ಕಿಟ್ಟಿನವರ ಲಾಭ ಆಮೇಲಿನದು. ತಾವೇ ಕಟ್ಟಿದ ವಿಮಾನದ ವಾರ್ಷಿಕ ತಪಾಸಣೆಯನ್ನು ತಾವೇ ಮಾಡಿ ಸಹಿ ಹಾಕುವ ಪ್ರಮಾಣಪತ್ರವನ್ನು ಎಫ್‌ಎಎ ಕಟ್ಟಿದವರಿಗೆ ಕೊಡುತ್ತದೆ. ಪ್ರತಿ ವರ್ಷ ಮೆಕ್ಯಾನಿಕ್‌ಗೆ ಹೋಗುವ ಹಣ ಉಳಿಯುತ್ತದೆ. ವಿಮಾನ ಮಾರಿದರೆ ಆ ಹಕ್ಕು ಕೊಂಡವರಿಗೆ ಹೋಗುವುದಿಲ್ಲ. ಚೆನ್ನಾಗಿ ಕಟ್ಟಿದ ಆರ್‌ವಿಗಳು ಸಾಮಾನಿನ ಖರ್ಚಿನ ಆಸುಪಾಸಿಗೆ, ಪೇಟೆ ಬಿಸಿಯಿದ್ದಾಗ ಅದಕ್ಕೂ ಮೇಲೆ ಮಾರಾಟವಾಗುತ್ತವೆ. ಕಟ್ಟಿದವರ ಎರಡು ಸಾವಿರ ಗಂಟೆಗೆ ಮಾತ್ರ ಅಲ್ಲಿ ಬೆಲೆಯಿಲ್ಲ.

ಪೇಟೆಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವುದು ಅರ್ಧಕ್ಕೆ ನಿಂತ ಕಿಟ್. ಬಾಲ ಮುಗಿದಿದೆ, ಒಂದು ರೆಕ್ಕೆ ಆಗಿದೆ, ಪೆಟ್ಟಿಗೆಗಳು ಒಡೆದಿಲ್ಲ ಎಂಬ ಜಾಹೀರಾತುಗಳು ಯಾವಾಗಲೂ ಇರುತ್ತವೆ. ಕೆಲಸ ಬದಲಾದದ್ದು, ಮಗು ಹುಟ್ಟಿದ್ದು, ವಿಚ್ಛೇದನ, ಸಾವು, ಕಾರಣಗಳು ನಾನಾ. ಕಡಿಮೆ ದುಡ್ಡಿನವರಿಗೆ ಇದು ಒಳ್ಳೆಯ ದಾರಿ. ಆದರೆ ಇಂಥದ್ದನ್ನು ಕೊಳ್ಳಲು ಹೋದವರು ರಿವೆಟ್‌ಗಳ ಸಾಲು ನೋಡುವ ಮೊದಲೇ ಹಿಂದಿನವರು ಬರೆದಿಟ್ಟ ದಿನಚರಿ ಮತ್ತು ಫೋಟೊಗಳನ್ನು ಕೇಳಬೇಕು. ಆ ಭಾಗಗಳನ್ನು ಹವ್ಯಾಸಿಯೇ ಕಟ್ಟಿದ್ದೆಂದು ಎಫ್‌ಎಎ ಪರಿವೀಕ್ಷಕರಿಗೆ ತೋರಿಸಲು ಬೇರೆ ಪುರಾವೆ ಸಿಗುವುದು ಕಷ್ಟ. ದಿನಚರಿ, ಫೋಟೊಗಳು ಇಲ್ಲದಿದ್ದರೆ ರೆಕ್ಕೆ ಎಷ್ಟೇ ಚೆನ್ನಾಗಿದ್ದರೂ ಬಿಡಿಭಾಗದ ಬೆಲೆಗಿಂತ ಹೆಚ್ಚು ಕೊಡಬಾರದು.